ಕೊರಿಯನ್ ಇಮೇಲ್: ‘ಸುಮ್ನಿದಾ’ ಹಾಕಿದರೂ ಒರಟಾಗಿ ಕೇಳಿಸುವುದು ಯಾಕೆ?

ಪಾಠ_ಹೇಳುವವ:

ಪ್ರೊಫೆಸರಿಗೆ, ಕಚೇರಿಯ ಹಿರಿಯರಿಗೆ ಕೊರಿಯನ್‌ನಲ್ಲಿ ಇಮೇಲ್ ಬರೆಯುವುದು ಹೇಗೆ ಎಂಬ ಪ್ರಶ್ನೆ ಇಲ್ಲಿ ಬಿಡಿಬಿಡಿಯಾಗಿ ಬರುತ್ತಲೇ ಇದೆ. ಎಲ್ಲವನ್ನೂ ಒಂದೇ ಕಡೆ ಮಾತಾಡೋಣ. ಹಂಗುಲ್ (ಕೊರಿಯನ್ ಲಿಪಿ) ಓದುವುದು ಇನ್ನೂ ರೂಢಿಯಾಗದವರೂ ಇರುವುದರಿಂದ ಕೊರಿಯನ್ ವಾಕ್ಯಗಳನ್ನು ಕನ್ನಡ ಲಿಪಿಯಲ್ಲೇ, ಉಚ್ಚಾರಕ್ಕೆ ಹತ್ತಿರವಾಗಿ ಕೊಡುತ್ತಿದ್ದೇನೆ.

ಮಧ್ಯಮ ಹಂತದ ವಿದ್ಯಾರ್ಥಿಗಳು ಬರೆಯುವಂಥ ಒಂದು ಮಾದರಿ ಕಟ್ಟಿದ್ದೇನೆ:

“ಛಿನೇಹಾನುನ್ ಕಿಮ್ ಕ್ಯೋಸುನಿಮ್, ಚೊನುನ್ ಆಪಾಸ್ಸುನಿಕ್ಕಾ ಕ್ವಾಜೆರುಲ್ ಮೋತ್ ಹೇಸ್ಸುಮ್ನಿದಾ. ಚೇಬಾಲ್ ಕುಮ್ಯೊಇಲ್‌ಕ್ಕಾಜಿ ಶಿಗಾನುಲ್ ಚುಶಿಪ್ಸಿಯೊ. ತಾಂಗ್ಶಿನೆ ತಾಪ್ಜಾಂಗುಲ್ ಕಿದಾರಿಗೆಸ್ಸುಮ್ನಿದಾ. ಸುಗೋ ಹಾಸೇಯೊ.”

ಬರೆದವರ ಮನಸ್ಸಿನಲ್ಲಿದ್ದದ್ದು ಇಷ್ಟೇ: ಹುಷಾರಿರಲಿಲ್ಲ, ಅಸೈನ್‌ಮೆಂಟ್ ಮುಗಿದಿಲ್ಲ, ದಯವಿಟ್ಟು ಶುಕ್ರವಾರದವರೆಗೆ ಸಮಯ ಕೊಡಿ, ನಿಮ್ಮ ಉತ್ತರಕ್ಕೆ ಕಾಯುತ್ತೇನೆ. ಕೊನೆಯ ಸಾಲು ಬಿಟ್ಟರೆ ಕ್ರಿಯಾಪದಗಳೆಲ್ಲ ‘-ಸುಮ್ನಿದಾ’ದಂಥ ಔಪಚಾರಿಕ ಮಟ್ಟದಲ್ಲೇ ಇವೆ. ಆದರೂ ಓದಿದ ಪ್ರೊಫೆಸರಿಗೆ ವಿದ್ಯಾರ್ಥಿ ಜೋರು ಮಾಡುತ್ತಿದ್ದಾನೆ ಅನ್ನಿಸುತ್ತದೆ. ವಿಭಕ್ತಿ ಪ್ರತ್ಯಯ ತಪ್ಪಿದರೆ ‘ವಿದೇಶಿ, ಕಲಿಯುತ್ತಿದ್ದಾನೆ’ ಅಂತ ಬಿಟ್ಟುಬಿಡುತ್ತಾರೆ. ಧಾಟಿ ತಪ್ಪಿದರೆ ಅದನ್ನು ಭಾಷೆಯ ಲೆಕ್ಕಕ್ಕಲ್ಲ, ಬರೆದವರ ಸ್ವಭಾವದ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ. ಕೊರಿಯನ್ ಚೆನ್ನಾಗಿ ಬಂದಷ್ಟೂ ಈ ಅಪಾಯ ಹೆಚ್ಚು.

ಈ ಮಾದರಿಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ತಪ್ಪು ‘ಚುಶಿಪ್ಸಿಯೊ’, ಅಂದರೆ ‘ಕೊಡಿ’. ಕೊರಿಯನ್ ಗೌರವದಲ್ಲಿ ಮೂರು ಕೆಲಸ ಬೇರೆಬೇರೆಯಾಗಿ ನಡೆಯುತ್ತವೆ. ಕೇಳುವವರಿಗೆ ಕೊಡುವ ಗೌರವ ವಾಕ್ಯದ ಕೊನೆಯಲ್ಲಿ (-ಸುಮ್ನಿದಾ, -ಯೊ). ಕೆಲಸ ಮಾಡುವವರಿಗೆ ಕೊಡುವುದು ಕ್ರಿಯಾಪದದ ನಡುವಿನ ‘-ಶಿ-’ಯಲ್ಲಿ. ನಾವು ಯಾರಿಗೆ ಮಾಡುತ್ತೇವೋ ಅವರಿಗೆ ಕೊಡುವುದು ಪದದ ಆಯ್ಕೆಯಲ್ಲಿ: ಪ್ರಶ್ನೆ ಕೇಳುವುದಕ್ಕೆ ಮುತ್ತಾ ಬದಲು ಯೊಜ್ಜುಪ್ತಾ, ಕೊಡುವುದಕ್ಕೆ ಚುದಾ ಬದಲು ತುರಿದಾ, ಕಾಣುವುದಕ್ಕೆ ಮನ್ನಾದಾ ಬದಲು ಬ್ವೆಪ್ತಾ. ಇವು ಮೂರೂ ಸರಿಯಿದ್ದರೂ ವಾಕ್ಯ ಆಜ್ಞೆಯಾಗಿಯೇ ಉಳಿಯಬಹುದು. ‘ಚುಶಿಪ್ಸಿಯೊ’ ಅತ್ಯಂತ ಮೇಲಿನ ಮಟ್ಟದ ರೂಪ, ನಿಜ. ಆದರೆ ಅದು ಅತ್ಯಂತ ಮೇಲಿನ ಮಟ್ಟದ ಆಜ್ಞೆ. ಸಬ್‌ವೇ ನಿಲ್ದಾಣದ ಪ್ರಕಟಣೆಗೆ ಅದು ಸರಿ. ಪ್ರೊಫೆಸರಿಂದ ವಿನಾಯಿತಿ ಕೇಳುವಾಗ ಸರಿಯಲ್ಲ.

‘ಕಳಿಸಿಕೊಡಿ’ ಎಂಬ ಒಂದೇ ಮಾತನ್ನು ಏರುವ ಕ್ರಮದಲ್ಲಿ ನೋಡಿ:

ಪೋನೇ ಚುಸೇಯೊ. ಅಂಗಡಿಯವರಿಗೆ, ಸಹಪಾಠಿಗೆ ಸಾಕು.
ಪೋನೇ ಚುಶಿಪ್ಸಿಯೊ. ಔಪಚಾರಿಕ, ಆದರೆ ಆಜ್ಞೆ.
ಪೋನೇ ಚುಶಿಲ್ ಸು ಇಸ್ಸುಲ್‌ಕ್ಕಾಯೊ? ಕಳಿಸಲು ಆಗಬಹುದೇ ಎಂಬ ಪ್ರಶ್ನೆ. ಇಲ್ಲ ಎನ್ನಲು ಅವರಿಗೆ ಜಾಗ ಇದೆ.
ಪೋನೇ ಚುಶಿಮ್ಯೊನ್ ಕಾಮ್ಸಾ ಹಾಗೆಸ್ಸುಮ್ನಿದಾ. ಕಳಿಸಿದರೆ ಕೃತಜ್ಞನಾಗಿರುತ್ತೇನೆ. ಬಹುಪಾಲು ಇಮೇಲ್‌ಗೆ ಇದೇ ಸಾಕು.

ಗಡುವು ಕೇಳುವಾಗ ಇನ್ನೂ ಒಳ್ಳೆಯ ದಾರಿ ಇದೆ. ಅವರು ಏನೋ ಕೊಡಬೇಕು ಅನ್ನುವುದರ ಬದಲು ನಾವು ಮಾಡಬಹುದೇ ಅಂತ ಕೇಳುವುದು: “ಕುಮ್ಯೊಇಲ್‌ಕ್ಕಾಜಿ ಚೇಛುಲ್‌ಹೇದೋ ತ್ವೆಲ್‌ಕ್ಕಾಯೊ?” ಶುಕ್ರವಾರದೊಳಗೆ ಸಲ್ಲಿಸಿದರೆ ಆದೀತೇ? ಕರ್ತೃ ‘ನಾನು’ ಆದ ಕೂಡಲೇ ಅವರ ಮೇಲಿನ ಭಾರ ಇಳಿಯಿತು.

ವ್ಯಾಕರಣಪ್ರಿಯ:

ಮೊದಲ ಸಾಲಿನಿಂದಲೇ ಹಿಡಿಯೋಣ. ‘ಛಿನೇಹಾನುನ್’ ಇಂಗ್ಲಿಷ್‌ನ ‘ಡಿಯರ್’ ಹುಡುಕಿ ನಿಘಂಟಿನಿಂದ ತಂದ ಪದ. ಅಧ್ಯಕ್ಷರು ‘ಛಿನೇಹಾನುನ್ ಕುಂಗ್ಮಿನ್ ಯೊರೊಬುನ್’ ಅಂತ ದೇಶದ ಜನರನ್ನು ಕರೆಯುವಾಗ ಬರುತ್ತದೆ. ಮೇಲಿನವರು ಕೆಳಗಿನವರಿಗೆ, ಸಮಾನರು ಸಮಾನರಿಗೆ ಬಳಸುವುದು. ವಿದ್ಯಾರ್ಥಿ ಪ್ರೊಫೆಸರಿಗೆ ಹಾಗೆನ್ನುವಂತಿಲ್ಲ. ಬರೀ “ಕ್ಯೋಸುನಿಮ್, ಆನ್ಯೊಂಗ್ ಹಾಶಿಮ್ನಿಕ್ಕಾ” (ಪ್ರೊಫೆಸರ್, ನಮಸ್ಕಾರ) ಸಾಕು. ಪತ್ರದ ರೂಪ ಬೇಕಿದ್ದರೆ ಮೇಲೆ ಒಂದು ಸಾಲಿನಲ್ಲಿ ಪೂರ್ತಿ ಹೆಸರು, ಆಮೇಲೆ ‘ಕ್ಯೋಸುನಿಮ್‌ಕ್ಕೆ’.

‘ಕಿಮ್ ಕ್ಯೋಸುನಿಮ್’ ಅಂತ ಮನೆತನದ ಹೆಸರು ಮಾತ್ರ ಹಿಡಿದು ಕರೆಯುವುದು ಸಹೋದ್ಯೋಗಿಗಳ ಧಾಟಿ. ವಿದ್ಯಾರ್ಥಿಯಾದವರು ಪೂರ್ತಿ ಹೆಸರು ಹಾಕಬೇಕು, ಇಲ್ಲವೇ ಹೆಸರನ್ನೇ ಬಿಟ್ಟು ಕ್ಯೋಸುನಿಮ್ ಅನ್ನಬೇಕು. ‘ಸ್ಸಿ’ಯನ್ನಂತೂ ಮುಟ್ಟಲೇಬೇಡಿ. ಪಠ್ಯಪುಸ್ತಕದ ಮೊದಲ ಪಾಠದಲ್ಲಿ ‘ಸ್ಸಿ’ ಗೌರವಸೂಚಕ ಅಂತ ಕಲಿಸುವುದರಿಂದ ಈ ತಪ್ಪು ಆಗುತ್ತದೆ. ಸಮಾನರಿಗೆ, ಕಿರಿಯರಿಗೆ ಮಾತ್ರ ಅದು ಗೌರವ. ಬರೀ ಮನೆತನದ ಹೆಸರಿಗೆ ‘ಸ್ಸಿ’ ಸೇರಿಸಿದರೆ ಕೀಳಾಗಿ ಕರೆದಂತೆ.

‘ತಾಂಗ್ಶಿನ್’ ಕನ್ನಡಿಗರಿಗೆ ವಿಶೇಷವಾಗಿ ಕಷ್ಟ ಕೊಡುತ್ತದೆ. ನಮ್ಮಲ್ಲಿ ‘ನೀನು’ ಮೇಲೆ ‘ನೀವು’, ಅದರ ಮೇಲೆ ‘ತಾವು’ ಇರುವುದರಿಂದ ಕೊರಿಯನ್‌ನಲ್ಲೂ ಗೌರವದ ಒಂದು ‘ನೀವು’ ಇರಲೇಬೇಕು ಅನ್ನಿಸುತ್ತದೆ. ಹಿರಿಯರನ್ನು ಎದುರಿಗೆ ಕರೆಯಲು ಅಂಥ ಸರ್ವನಾಮ ಅಲ್ಲಿಲ್ಲ. ಗಂಡಹೆಂಡಿರ ನಡುವೆ, ಜಾಹೀರಾತಿನಲ್ಲಿ, ಜಗಳದಲ್ಲಿ ‘ತಾಂಗ್ಶಿನ್’ ಬರುತ್ತದೆ. ಪ್ರೊಫೆಸರಿಗೆ ‘ನೀವು’ ಎನ್ನಬೇಕಾದ ಕಡೆಯಲ್ಲೆಲ್ಲ ‘ಕ್ಯೋಸುನಿಮ್’ ಎಂದೇ ಬರೆಯಿರಿ, ಇಲ್ಲವೇ ಬಿಟ್ಟುಬಿಡಿ. ಕ್ರಿಯಾಪದದ ‘-ಶಿ-’ ಯಾರೆಂದು ಹೇಳುತ್ತದೆ.

‘ಚೇಬಾಲ್’ ಇನ್ನೊಂದು. ‘ದಯವಿಟ್ಟು’ ಅಥವಾ ‘ಪ್ಲೀಸ್’ ಹುಡುಕಿದರೆ ಇದೇ ಸಿಗುತ್ತದೆ, ಆದರೆ ಇದು ಗೋಗರೆಯುವ ಮಾತು, ಕೆಲವೊಮ್ಮೆ ರೇಗಿದ ಮಾತು ಕೂಡ. ‘ದಯವಿಟ್ಟು’ ಮಾಡುವ ಕೆಲಸವನ್ನು ಕೊರಿಯನ್‌ನಲ್ಲಿ ‘ಚುಶಿಮ್ಯೊನ್’ ಮಾಡಿಬಿಟ್ಟಿರುತ್ತದೆ. ಮುಂದೆ ಏನಾದರೂ ಸೇರಿಸಲೇಬೇಕು ಅನ್ನಿಸಿದರೆ ‘ಹೋಕ್ಶಿ’ ಸೇರಿಸಿ. ‘ಒಂದು ವೇಳೆ ಸಾಧ್ಯವಾದರೆ’ ಎಂಬ ಅಳುಕು ಅದರಲ್ಲಿದೆ.

ತೋಪಿಕ್_ತಯಾರಿ:

‘ಆಪಾಸ್ಸುನಿಕ್ಕಾ’ ಬಗ್ಗೆ ಯಾರೂ ಹೇಳಲಿಲ್ಲ. ಕಾರಣ ಹೇಳುವ ‘-ನಿಕ್ಕಾ’ಗೂ ‘-ಸೊ’ಗೂ ಇಮೇಲ್‌ನಲ್ಲಿ ಬಹಳ ವ್ಯತ್ಯಾಸ. ‘-ನಿಕ್ಕಾ’ ಎಂದರೆ ಕಾರಣ ನಿಮಗೂ ಗೊತ್ತಿರಬೇಕು, ಒಪ್ಪಲೇಬೇಕು ಎಂಬ ಧ್ವನಿ. ತಪ್ಪೊಪ್ಪಿಕೊಳ್ಳುವಾಗ ಅದು ವಾದ ಮಾಡಿದಂತಾಗುತ್ತದೆ. ಇನ್ನೊಂದು ನಿಯಮವೂ ಇದೆ: ಚ್ವೇಸೊಂಗ್ ಹಾದಾ (ಕ್ಷಮೆ ಕೇಳುವುದು), ಕಾಮ್ಸಾ ಹಾದಾ (ಧನ್ಯವಾದ ಹೇಳುವುದು) ಇವುಗಳ ಹಿಂದಿನ ಕಾರಣ ಯಾವಾಗಲೂ ‘-ಸೊ’ ರೂಪದಲ್ಲಿ, ಅದೂ ಭೂತಕಾಲದ ಪ್ರತ್ಯಯವಿಲ್ಲದೆ. ‘ನುಜೊಸೊ ಚ್ವೇಸೊಂಗ್ ಹಾಮ್ನಿದಾ’ (ತಡವಾದುದಕ್ಕೆ ಕ್ಷಮಿಸಿ) ಸರಿ. ‘ನುಜೊಸ್ಸುನಿಕ್ಕಾ ಚ್ವೇಸೊಂಗ್’ ತಪ್ಪು. ‘-ಕೊದುನ್ಯೊ’, ‘-ಜಾನಾಯೊ’ ಎರಡನ್ನೂ ಇಮೇಲ್‌ನಿಂದ ದೂರ ಇಡಿ. ‘ನಿಮಗೆ ಗೊತ್ತಲ್ಲ’ ಎಂಬ ಧಾಟಿ ಅವುಗಳದ್ದು.

‘ಆನ್’ ಮತ್ತು ‘ಮೋತ್’ ಕೂಡ ನೋಡಿಕೊಳ್ಳಿ. ‘ಆನ್ ಕಾಸ್ಸುಮ್ನಿದಾ’ ಅಂದರೆ ತರಗತಿಗೆ ಹೋಗಲಿಲ್ಲ, ಹೋಗದಿರಲು ನಾನೇ ತೀರ್ಮಾನಿಸಿದೆ ಅಂತ ಅರ್ಥ ಬರುತ್ತದೆ. ‘ಮೋತ್ ಕಾಸ್ಸುಮ್ನಿದಾ’ ಅಂದರೆ ಹೋಗಲಾಗಲಿಲ್ಲ. ಮುಂದೆ ಬರಲಾಗದ್ದನ್ನು ಹೇಳುವಾಗ ‘ಮೋತ್ ಕಾಮ್ನಿದಾ’ ಅಂತ ಕಡ್ಡಿ ಮುರಿದಂತೆ ಹೇಳಬೇಡಿ. ‘ಛಾಮ್ಸೊಕ್‌ಹಾಗಿ ಒರ್ಯೊಉಲ್ ಕೊತ್ ಕಾತ್ಸುಮ್ನಿದಾ’, ಹಾಜರಾಗುವುದು ಕಷ್ಟವಾಗಬಹುದು ಅನ್ನಿಸುತ್ತದೆ, ಎಂದರೂ ಅವರಿಗೆ ವಿಷಯ ಪೂರ್ತಿ ತಿಳಿಯುತ್ತದೆ.

ಟಾಪಿಕ್ ಎಂಬ ಕೊರಿಯನ್ ಭಾಷಾ ಸಾಮರ್ಥ್ಯದ ಪರೀಕ್ಷೆಯಿಂದ ಬರುವ ಒಂದು ಅಭ್ಯಾಸವನ್ನೂ ಹೇಳಬೇಕು. ಟಾಪಿಕ್ 2ರ ಬರವಣಿಗೆ ಭಾಗ 50 ನಿಮಿಷ, 100 ಅಂಕ. 51ನೇ ಪ್ರಶ್ನೆಗೆ 10 ಅಂಕ, ಹೆಚ್ಚಾಗಿ ಇಮೇಲ್ ಅಥವಾ ಪ್ರಕಟಣೆಯಲ್ಲಿ ಬಿಟ್ಟ ಜಾಗ ತುಂಬುವುದು. ಅಲ್ಲಿ ಸುತ್ತಲಿನ ವಾಕ್ಯಗಳ ಮಟ್ಟಕ್ಕೆ ಹೊಂದುವಂತೆ ಬರೆಯದಿದ್ದರೆ ಅಂಕ ಹೋಗುತ್ತದೆ. ಆದರೆ 30 ಅಂಕದ 53, 50 ಅಂಕದ 54 ಎರಡನ್ನೂ ‘-ದಾ’ ಎಂಬ ಬರಹದ ಮಟ್ಟದಲ್ಲಿ ಬರೆಯಬೇಕು. ತಿಂಗಳುಗಟ್ಟಲೆ ‘-ದಾ’ ಬರೆದ ಕೈ ಇಮೇಲ್‌ನ ನಡುವಿನ ವಾಕ್ಯಗಳಲ್ಲೂ ‘-ದಾ’ ಬರೆದುಬಿಡುತ್ತದೆ. ಕಳಿಸುವ ಮುಂಚೆ ವಾಕ್ಯದ ಕೊನೆಗಳನ್ನಷ್ಟೇ ಮೇಲಿಂದ ಕೆಳಗೆ ಒಮ್ಮೆ ಓದಿ. ಈ ತಪ್ಪು ಆಗ ಕಣ್ಣಿಗೆ ಬೀಳುತ್ತದೆ.

ಕಚೇರಿ_ಕೊರಿಯನ್:

ಪಾಠ_ಹೇಳುವವರು ಹೇಳಿದ್ದಕ್ಕೆ ಒಂದು ತಿದ್ದುಪಡಿ. ಆಜ್ಞಾರೂಪವನ್ನು ಪೂರ್ತಿ ಬಿಡಬೇಕಿಲ್ಲ. ಕೆಲಸದಿಂದ ಅವರಿಗೇ ಅನುಕೂಲವಾಗುವುದಾದರೆ ‘-ಶಿಪ್ಸಿಯೊ’ ಚೆನ್ನಾಗಿಯೇ ಇರುತ್ತದೆ. ಶಿಫಾರಸು ಪತ್ರ ಕೇಳಿದ ಮೇಲೆ “ಒರ್ಯೊಉಶಿಮ್ಯೊನ್ ಪ್ಯೊನ್‌ಹಿ ಮಾಲ್ಸ್ಸುಮ್‌ಹೇ ಚುಶಿಪ್ಸಿಯೊ”, ಕಷ್ಟವಾದರೆ ಸಂಕೋಚವಿಲ್ಲದೆ ಹೇಳಿ, ಎಂದು ಬರೆದರೆ ಅದು ಆಜ್ಞೆಯಲ್ಲ, ತಪ್ಪಿಸಿಕೊಳ್ಳಲು ಬಾಗಿಲು ತೆರೆದಿಟ್ಟಂತೆ.

ಕಚೇರಿಯಲ್ಲಿ ಲೆಕ್ಕ ಸ್ವಲ್ಪ ಬೇರೆ. ಬೆಂಗಳೂರಿನ ಕೊರಿಯನ್ ಕಂಪನಿಗಳಿಂದ ಸಿಯೋಲ್‌ನ ಮುಖ್ಯ ಕಚೇರಿಗೆ ಬರೆಯುವವರು ಇದನ್ನು ಗಮನಿಸಬೇಕು. ಅಲ್ಲಿ ಉದ್ದನೆಯ ಕ್ಷಮೆ, ಹವಾಮಾನದ ಮಾತು ಬೇಡ. ಮೊದಲ ಸಾಲಿನಲ್ಲಿ ತಂಡ ಮತ್ತು ಹೆಸರು, ಎರಡನೆಯದರಲ್ಲಿ ವಿಷಯ, ಆಮೇಲೆ ಅಂಕಿ ಹಾಕಿದ ಅಂಶಗಳು, ಕೊನೆಗೆ ‘ಕೊಮ್ತೋ ಪುಥಾಕ್‌ತುರಿಮ್ನಿದಾ’, ಪರಿಶೀಲಿಸಲು ಕೋರುತ್ತೇನೆ. ‘ಹ್ವೇಶಿನ್ ಪಾರಾಮ್ನಿದಾ’ (ಉತ್ತರಿಸಬೇಕು) ಎಂಬಲ್ಲಿನ ‘-ಪಾರಾಮ್ನಿದಾ’ ಸೂಚನಾಪತ್ರದ ಭಾಷೆ, ಮೇಲಿನಿಂದ ಕೆಳಕ್ಕೆ ಬರುವುದು. ಮೇಲಿನವರಿಗೆ ಅದನ್ನು ಬರೆಯಬೇಡಿ.

ಗಡುವು ಹೇಳುವಾಗ ದಿನಾಂಕದ ಜೊತೆಗೆ ಆವರಣದಲ್ಲಿ ವಾರ ಹಾಕುವುದು ಕೊರಿಯನ್ ರೂಢಿ. ‘ಬೇಗ ಉತ್ತರಿಸಿ’ ಎನ್ನುವ ‘ಪಾರುನ್ ತಾಪ್ಜಾಂಗ್ ಪುಥಾಕ್‌ತುರಿಮ್ನಿದಾ’ಗಿಂತ ನಿರ್ದಿಷ್ಟ ದಿನ ಮತ್ತು ಅದಕ್ಕೊಂದು ಕಾರಣ ಕೊಟ್ಟರೆ ಒತ್ತಡ ಕಡಿಮೆ ಅನ್ನಿಸುತ್ತದೆ.

ಸಂಬೋಧನೆಗೆ ಹುದ್ದೆ ಮತ್ತು ‘ನಿಮ್’ ಎಂಬ ಗೌರವ ಪ್ರತ್ಯಯ: ತೇರಿನಿಮ್, ಕ್ವಾಜಾಂಗ್‌ನಿಮ್, ಛಾಜಾಂಗ್‌ನಿಮ್, ಪುಜಾಂಗ್‌ನಿಮ್. ಆದರೆ ಸಿಜೆ ಸಮೂಹ 2000ದಲ್ಲೇ ಹುದ್ದೆ ಬಿಟ್ಟು ಹೆಸರಿಗೆ ‘ನಿಮ್’ ಸೇರಿಸಿ ಕರೆಯುವ ಪದ್ಧತಿ ತಂದಿತು. ಆಮೇಲೆ ಅನೇಕ ಕಂಪನಿಗಳು ಅದೇ ಹಾದಿ ಹಿಡಿದವು. ಹೀಗಾಗಿ ಬಂದ ಇಮೇಲ್‌ನ ಸಹಿ ನೋಡಿ, ಅವರ ಕಂಪನಿಯ ರೂಢಿಯನ್ನೇ ಅನುಸರಿಸಿ. ವಿಶ್ವವಿದ್ಯಾಲಯದ ಕಚೇರಿ ಸಿಬ್ಬಂದಿಯ ಹುದ್ದೆ ಗೊತ್ತಿಲ್ಲದಿದ್ದರೆ ‘ತಾಮ್ದಾಂಗ್‌ಜಾನಿಮ್’ (ಹೊಣೆ ಹೊತ್ತವರು) ಅಥವಾ ‘ಸೊನ್ಸೇಂಗ್‌ನಿಮ್’ (ಮೇಷ್ಟ್ರು). ನಿಮ್ಮ ಸ್ವಂತ ಹೆಸರಿಗೆ ಮಾತ್ರ ‘ನಿಮ್’, ‘ಸ್ಸಿ’ ಯಾವುದೂ ಬೇಡ.

ವ್ಯಾಕರಣಪ್ರಿಯ:

‘ಸುಗೋ ಹಾಸೇಯೊ’ ಬಗ್ಗೆ. ಕೊರಿಯದ ರಾಷ್ಟ್ರೀಯ ಭಾಷಾ ಸಂಸ್ಥೆ 2011ರಲ್ಲಿ ತಂದ ಭಾಷಾ ಶಿಷ್ಟಾಚಾರದ ಕೈಪಿಡಿ ಇದನ್ನು ಮೇಲಿನವರಿಗೆ ಬಳಸಬಾರದು ಅನ್ನುತ್ತದೆ. ‘ಶ್ರಮ ಪಡುತ್ತಿರಿ’ ಅಂತ ಹಿರಿಯರಿಗೆ ಹೇಳುವುದು ಕಿರಿಯರ ಕೆಲಸವಲ್ಲ ಎಂಬುದು ತರ್ಕ.

ಕಚೇರಿ_ಕೊರಿಯನ್:

ಕೈಪಿಡಿ ಹಾಗನ್ನುತ್ತದೆ, ಆದರೆ ಕಚೇರಿಗಳಲ್ಲಿ ‘ಸುಗೋ ಮಾನುಶೊಸ್ಸುಮ್ನಿದಾ’ ಎಂಬ ಭೂತಕಾಲದ ರೂಪವನ್ನು ಹಿರಿಯರಿಗೂ ಧಾರಾಳವಾಗಿ ಹೇಳುತ್ತಾರೆ. ಮುಗಿದ ಕೆಲಸಕ್ಕೆ ಅದು ಒಪ್ಪುತ್ತದೆ.

ವ್ಯಾಕರಣಪ್ರಿಯ:

ಸಹೋದ್ಯೋಗಿಗಳ ನಡುವೆ ಒಪ್ಪುತ್ತೇನೆ. ಕಲಿಯುವವರು ಪ್ರೊಫೆಸರಿಗೆ ಬರೆಯುವಾಗ ಬಿಡುವುದೇ ಸರಿ ಎಂಬುದು ನನ್ನ ನಿಲುವು. ಸೆಮಿಸ್ಟರ್ ಕೊನೆಯಲ್ಲಿ ‘ಹಾನ್ ಹಾಕ್ಕಿ ತೊಂಗಾನ್ ಕಾರುಛ್ಯೊ ಚುಶ್ಯೊಸೊ ಕಾಮ್ಸಾ ಹಾಮ್ನಿದಾ’, ಒಂದು ಸೆಮಿಸ್ಟರ್ ಕಲಿಸಿದ್ದಕ್ಕೆ ಧನ್ಯವಾದ, ಎಂದರೆ ಯಾರೂ ಆಕ್ಷೇಪಿಸುವುದಿಲ್ಲ, ಅರ್ಥವೂ ಹೆಚ್ಚು.

ಸಹಿಯಲ್ಲಿ ಹಿರಿಯರಿಗೆ ನಿಮ್ಮ ಹೆಸರು ಬರೆದ ಮೇಲೆ ‘ಓಲ್ಲಿಮ್’, ಅಂದರೆ ‘ಸಲ್ಲಿಸುವವರು’. ‘ತುರಿಮ್’ ಕೂಡ ನಡೆಯುತ್ತದೆ. ಆದರೆ ಪ್ರೊಫೆಸರಿಗೆ ನಾನು ‘ಓಲ್ಲಿಮ್’ ಅನ್ನೇ ಸೂಚಿಸುತ್ತೇನೆ.

ಅನುವಾದಕಿ:

ಅತಿ ವಿನಯದ ಕಡೆಗೂ ಒಂದು ಎಚ್ಚರಿಕೆ ಬೇಕು. ‘-ಶಿ-’ ಕಲಿತ ಹುರುಪಿನಲ್ಲಿ ಎಲ್ಲದಕ್ಕೂ ಅದನ್ನು ಅಂಟಿಸುತ್ತಾರೆ. ‘ಛೊಮ್ಬು ಫಾಇಲಿ ಇಸ್ಸುಶಿಮ್ನಿದಾ’ ಅಂದರೆ ಫೈಲಿಗೆ ಗೌರವ ಕೊಟ್ಟಂತೆ. ಕಾಫಿ ಅಂಗಡಿಗಳಲ್ಲಿ ‘ಕಾಫಿ ಬಂದಿದ್ದಾರೆ’ ಎಂಬಂಥ ಮಾತು ಕೇಳಿಸುತ್ತದೆ, ಕೊರಿಯನ್ನರೇ ಅದನ್ನು ತಪ್ಪೆನ್ನುತ್ತಾರೆ. ‘ಚೇಗಾ ಕಾಶಿಗೆಸ್ಸುಮ್ನಿದಾ’ ಅಂತ ತನಗೇ ‘-ಶಿ-’ ಹಾಕಿಕೊಳ್ಳುವುದು ಇನ್ನೂ ಕೆಟ್ಟದು.

‘ಇದೆ’ ಎಂಬುದಕ್ಕೆ ಎರಡು ಗೌರವ ರೂಪ. ವ್ಯಕ್ತಿಯೇ ಇದ್ದರೆ ‘ಕ್ಯೇಶಿದಾ’: ಪ್ರೊಫೆಸರ್ ಕೋಣೆಯಲ್ಲಿದ್ದರೆ. ವ್ಯಕ್ತಿಯ ಬಳಿ ಏನೋ ಇದ್ದರೆ ‘ಇಸ್ಸುಶಿದಾ’: ಸಮಯವಿದ್ದರೆ, ಪ್ರಶ್ನೆಯಿದ್ದರೆ. ‘ಶಿಗಾನಿ ಕ್ಯೇಶಿಮ್ಯೊನ್’ ಎಂಬುದು ಪದೇಪದೇ ಕಾಣುವ ತಪ್ಪು.

‘ತುರಿದಾ’ ವಿಷಯದಲ್ಲೂ ಅಷ್ಟೇ. ಮಾಲ್ಸ್ಸುಮ್ (ಮಾತು), ಕಾಮ್ಸಾ (ಧನ್ಯವಾದ), ಪುಥಾಕ್ (ಕೋರಿಕೆ), ಯೊಲ್ಲಾಕ್ (ಸಂಪರ್ಕ) ಇವಕ್ಕೆ ‘ತುರಿದಾ’ ಸೇರಿಸುವುದು ನೆಲೆಯೂರಿದೆ. ‘ಸಲ್ಲಿಸುತ್ತೇನೆ’ ಎನ್ನಲು ‘ಚೇಛುಲ್‌ತುರಿಮ್ನಿದಾ’ ಎಂದರೆ ಕೆಲವರಿಗೆ ಅತಿಯಾಯಿತು ಅನ್ನಿಸುತ್ತದೆ, ಬರೀ ‘ಚೇಛುಲ್‌ಹಾಮ್ನಿದಾ’ ಸಾಕು. ಕನ್ನಡದಲ್ಲೂ ‘ಅರಿಕೆ ಮಾಡಿಕೊಳ್ಳುತ್ತೇನೆ’, ‘ಬಿನ್ನವಿಸುತ್ತೇನೆ’ ಇವೆ, ಆದರೆ ನಾವು ದಿನನಿತ್ಯ ಬಳಸುವುದಿಲ್ಲ. ಹಾಗಾಗಿ ಯೊಜ್ಜುಪ್ತಾ, ಬ್ವೆಪ್ತಾ ನಮಗೆ ಹಳೆಗಾಲದ ಪದಗಳಂತೆ ಕಾಣುತ್ತವೆ. ಕೊರಿಯನ್ ಇಮೇಲ್‌ನಲ್ಲಿ ಅವು ಇಂದಿಗೂ ದಿನಬಳಕೆಯವು.

ಪ್ರಶ್ನೆಗಳಲ್ಲಿ ಮಟ್ಟವನ್ನು ತುಂಬಾ ಬಿಗಿ ಮಾಡಬೇಡಿ. ‘ಕಾನುಂಗ್ ಹಾಮ್ನಿಕ್ಕಾ?’ (ಸಾಧ್ಯವೇ?) ಔಪಚಾರಿಕವೇ, ಆದರೆ ವಿಚಾರಣೆ ಮಾಡಿದಂತೆ ಕೇಳಿಸುತ್ತದೆ. ‘ಕಾನುಂಗ್ ಹಾಲ್‌ಕ್ಕಾಯೊ?’ ಅಥವಾ ‘ಕಾನುಂಗ್ ಹಾಶಿಂಜಿಯೊ?’ ಮೃದು. ಇಡೀ ಇಮೇಲ್ ‘-ಸುಮ್ನಿದಾ’ದಲ್ಲಿದ್ದು ಪ್ರಶ್ನೆ ಮಾತ್ರ ‘-ಯೊ’ದಲ್ಲಿದ್ದರೆ ಅದು ಮಿಶ್ರಣದ ತಪ್ಪಲ್ಲ. ಕೊರಿಯನ್ನರೇ ಹಾಗೆ ಬರೆಯುತ್ತಾರೆ.

ಪಾಠ_ಹೇಳುವವ:

ಎಲ್ಲ ಸೇರಿಸಿ ಮೇಲಿನ ಮಾದರಿಯನ್ನು ತಿದ್ದಿದ್ದೇನೆ. ಮೊದಲು ವಿಷಯದ ಸಾಲು: ಚೌಕ ಆವರಣದಲ್ಲಿ ಕೋರ್ಸಿನ ಹೆಸರು, ಆಮೇಲೆ ‘ಕ್ವಾಜೆ ಚೇಛುಲ್ ಕಿಹಾನ್ ಮುನುಯ್’ (ಅಸೈನ್‌ಮೆಂಟ್ ಗಡುವಿನ ಬಗ್ಗೆ ಪ್ರಶ್ನೆ), ಕೊನೆಗೆ ಹೆಸರು ಮತ್ತು ವಿದ್ಯಾರ್ಥಿ ಸಂಖ್ಯೆ. ವಿಷಯದಲ್ಲಿ ಬರೀ ‘ಆನ್ಯೊಂಗ್ ಹಾಸೇಯೊ’ ಎಂದಿದ್ದರೆ ಅದು ಸ್ಪಾಮ್‌ನಂತೆ ಕಾಣುತ್ತದೆ.

“ಕ್ಯೋಸುನಿಮ್, ಆನ್ಯೊಂಗ್ ಹಾಶಿಮ್ನಿಕ್ಕಾ.
ಹಾಂಗುಗೊ ಮುನ್ಬೊಮ್ನೋನ್ ಸುಒಬುಲ್ ತುತ್ಕೋ ಇನ್ನುನ್ ಸೊಕ್ಸಾ ಕ್ವಾಜೊಂಗ್ ○○○ಇಮ್ನಿದಾ.
ತಾರುಮಿ ಆನಿರಾ ಕ್ವಾಜೆ ಕಿಹಾನೆ ತೇಹೇ ಯೊಜ್ಜುಪ್ಕೋ ಶಿಪುನ್ ಕೊಶಿ ಇಸ್ಸೊ ಮೇಇಲ್ ತುರಿಮ್ನಿದಾ.
ಚಿನಾನ್ಜು ಮೋಮಿ ಚೋಛಿ ಆನಾ ಕ್ವಾಜೆರುಲ್ ಆಜಿಕ್ ಮಾಛಿಜಿ ಮೋತ್‌ಹೇಸ್ಸುಮ್ನಿದಾ.
ಹೋಕ್ಶಿ ಕುಮ್ಯೊಇಲ್‌ಕ್ಕಾಜಿ ಚೇಛುಲ್‌ಹೇದೋ ತ್ವೆಲ್‌ಕ್ಕಾಯೊ?
ಕಿಹಾನುಲ್ ಚಿಖಿಜಿ ಮೋತ್‌ಹೇ ಚ್ವೇಸೊಂಗ್ ಹಾಮ್ನಿದಾ.
ಪಾಪ್ಪುಶಿನ್ ಕಾಉಂದೇ ಇಲ್ಗೊ ಚುಶ್ಯೊಸೊ ಕಾಮ್ಸಾ ಹಾಮ್ನಿದಾ.
○○○ ಓಲ್ಲಿಮ್”

ಸಾರಾಂಶ: ನಮಸ್ಕಾರ, ನಾನು ನಿಮ್ಮ ತರಗತಿಯ ಸ್ನಾತಕೋತ್ತರ ವಿದ್ಯಾರ್ಥಿ, ಗಡುವಿನ ಬಗ್ಗೆ ಕೇಳಲು ಬರೆಯುತ್ತಿದ್ದೇನೆ, ಕಳೆದ ವಾರ ಹುಷಾರಿಲ್ಲದೆ ಅಸೈನ್‌ಮೆಂಟ್ ಮುಗಿಸಲಾಗಲಿಲ್ಲ, ಶುಕ್ರವಾರದೊಳಗೆ ಸಲ್ಲಿಸಿದರೆ ಆದೀತೇ, ಗಡುವು ತಪ್ಪಿದ್ದಕ್ಕೆ ಕ್ಷಮಿಸಿ, ಓದಿದ್ದಕ್ಕೆ ಧನ್ಯವಾದ. ‘ತಾರುಮಿ ಆನಿರಾ’ ಎಂಬುದು ವಂದನೆಯಿಂದ ವಿಷಯಕ್ಕೆ ದಾಟಿಸುವ ಸೇತುವೆ, ‘ವಿಷಯ ಏನೆಂದರೆ’ ಎಂಬಂತೆ. ಅದಿಲ್ಲದೆ ಹೆಸರು ಹೇಳಿದ ಕೂಡಲೇ ಬೇಡಿಕೆ ಬಂದರೆ ಧಡಕ್ಕನೆ ಬಾಗಿಲು ತಳ್ಳಿದಂತೆ ಆಗುತ್ತದೆ. ಕ್ಷಮೆ ಒಂದೇ ಸಾಲು, ಅದೂ ಕಾರಣ ಹೇಳಿದ ಮೇಲೆ. ‘ಮಿಆನ್ ಹೇಯೊ’ ಬೇಡ, ಹಿರಿಯರಿಗೆ ‘ಚ್ವೇಸೊಂಗ್’. ವೈದ್ಯರ ಚೀಟಿ ಇದ್ದರೆ ಲಗತ್ತಿಸಿ, ಒಂದು ವಾಕ್ಯದಲ್ಲಿ ತಿಳಿಸಿ. ಕಾಯಿಲೆಯ ವಿವರ ಮೂರು ಪ್ಯಾರಾ ಬೇಡ. ನಗುವ, ಅಳುವ ಚಿಹ್ನೆಗಳನ್ನೂ ಅಲೆಯ ಗುರುತನ್ನೂ ಕಾಕಾವೋಟಾಕ್ ಎಂಬ ಚಾಟ್ ಆ್ಯಪ್‌ಗೆ ಬಿಡಿ.

ತೋಪಿಕ್_ತಯಾರಿ:

ಅಂಕದ ಬಗ್ಗೆ ಕೇಳುವ ಇಮೇಲ್ ಇದಕ್ಕಿಂತ ಸೂಕ್ಷ್ಮ. ‘ವೇ’, ಅಂದರೆ ‘ಯಾಕೆ’, ಎಂಬ ಪದದಿಂದ ಶುರುವಾಗುವ ಯಾವ ಪ್ರಶ್ನೆಯೂ ಬೇಡ. ‘ಯಾಕೆ ಬಿ ಕೊಟ್ಟಿರಿ’ ಎಂಬುದು ದೂರು. ‘ಪುಜೊಖಾನ್ ಚೊಮುಲ್ ಆಲ್ಗೋ ಶಿಪ್ಸುಮ್ನಿದಾ’, ನನ್ನಲ್ಲಿ ಎಲ್ಲಿ ಕೊರತೆಯಾಯಿತು ತಿಳಿಯಲು ಬಯಸುತ್ತೇನೆ, ಎಂದರೆ ಅದೇ ಮಾಹಿತಿ ಸಿಗುತ್ತದೆ. ವಿಶ್ವವಿದ್ಯಾಲಯಗಳಲ್ಲಿ ‘ಸೊಂಗ್ಜೊಕ್ ಚೊಂಗ್ಜೊಂಗ್ ಕಿಗಾನ್’ ಎಂಬ ಅಂಕ ತಿದ್ದುಪಡಿ ಅವಧಿ ಇರುತ್ತದೆ, ಕೆಲವೇ ದಿನ. ಅದರೊಳಗೇ ಬರೆಯಬೇಕು. ಅದು ಮುಗಿದ ಮೇಲೆ ಎಷ್ಟು ವಿನಯದಿಂದ ಕೇಳಿದರೂ ಅವರ ಕೈ ಕಟ್ಟಿರುತ್ತದೆ.

ಅನುವಾದಕಿ:

ಉತ್ತರ ಬಾರದಿದ್ದರೆ? ಮೂರ್ನಾಲ್ಕು ಕೆಲಸದ ದಿನ ಬಿಡಿ. ‘ಮೇಇಲ್ ಹ್ವಾಗಿನ್ ಹಾಶೊಸ್ಸುಮ್ನಿಕ್ಕಾ?’, ನೋಡಿದಿರಾ, ಎಂದು ಕೇಳುವುದು ಆರೋಪದಂತೆ. ಕೊರಿಯದ ನೇವರ್ ಮೇಲ್‌ನಲ್ಲಿ ತೆರೆದು ಓದಿದ್ದಾರೋ ಇಲ್ಲವೋ ತೋರಿಸುವ ಸೌಲಭ್ಯ ಇದೆ. ಓದಿದ್ದು ಕಂಡರೂ ಆ ಮಾತೆತ್ತಬೇಡಿ. ತಪ್ಪನ್ನು ಅಂಚೆಯ ಮೇಲೆ ಹಾಕಿ: “ಹೋಕ್ಶಿ ಮೇಇಲಿ ಚೇದೇರೋ ಚೊಂದಾಲ್‌ದ್ವೇಜಿ ಆನಾಸ್ಸುಲ್‌ಕ್ಕಾ ಹಾಯೊ ತಾಶಿ ಯೊಲ್ಲಾಕ್‌ತುರಿಮ್ನಿದಾ.” ಮೇಲ್ ಸರಿಯಾಗಿ ತಲುಪಲಿಲ್ಲವೇನೋ ಎಂದುಕೊಂಡು ಮತ್ತೆ ಬರೆಯುತ್ತಿದ್ದೇನೆ. ಮೊದಲ ಇಮೇಲ್ ಕೆಳಗೆ ಹಾಗೇ ಇರಲಿ, ಅವರು ಹುಡುಕುವಂತಾಗಬಾರದು.

ಉತ್ತರ ಬಂದ ಮೇಲೆ ಸುಮ್ಮನಾಗಬೇಡಿ. ಅದೇ ದಿನ ಎರಡು ಸಾಲು: ಉತ್ತರಕ್ಕೆ ಧನ್ಯವಾದ, ಹೇಳಿದಂತೆ ತಿದ್ದಿ ಇಂಥ ದಿನ ಸಲ್ಲಿಸುತ್ತೇನೆ. ಅಲ್ಲಿ ‘ತಿಳಿಯಿತು’ ಎನ್ನಲು ‘ಆಲ್ಗೆಸ್ಸೊಯೊ’ ಅಲ್ಲ, ‘ಆಲ್ಗೆಸ್ಸುಮ್ನಿದಾ’. ಭೇಟಿಗೆ ಕರೆದಿದ್ದರೆ ‘ಕುದ್ದೇ ಬ್ವೆಪ್ಕೆಸ್ಸುಮ್ನಿದಾ’ (ಆಗ ಕಾಣುತ್ತೇನೆ). ಇದನ್ನು ‘ಮನ್ನಾಯೊ’ ಅಂತ ಬರೆದರೆ ಗೆಳೆಯರ ಜೊತೆ ಸಿನಿಮಾಕ್ಕೆ ಹೊರಟಂತೆ.

ಕಚೇರಿ_ಕೊರಿಯನ್:

ಹೆಸರಿನ ಬಗ್ಗೆ ಕರ್ನಾಟಕದವರಿಗೆ ಒಂದು ಮಾತು. ನಮ್ಮಲ್ಲಿ ಇನಿಷಿಯಲ್ ಇರುವವರು, ಮನೆತನದ ಹೆಸರೇ ಇಲ್ಲದವರು ಬಹಳ. ಹಂಗುಲ್‌ನಲ್ಲಿ ಒಂದು ಇಮೇಲ್‌ಗೆ ಒಂದು ರೀತಿ ಬರೆದರೆ ಪ್ರೊಫೆಸರಿಗೆ ಹಾಜರಿ ಪಟ್ಟಿಯಲ್ಲಿ ನೀವು ಸಿಗುವುದಿಲ್ಲ. ವಿಶ್ವವಿದ್ಯಾಲಯದ ದಾಖಲೆಯಲ್ಲಿ ಇರುವ ಕಾಗುಣಿತವನ್ನೇ ಎಲ್ಲ ಕಡೆ ಬಳಸಿ. ಮೊದಲ ಇಮೇಲ್‌ನಲ್ಲಿ ಪಕ್ಕದಲ್ಲೇ ಪಾಸ್‌ಪೋರ್ಟ್‌ನ ರೋಮನ್ ಕಾಗುಣಿತವನ್ನೂ ವಿದ್ಯಾರ್ಥಿ ಸಂಖ್ಯೆಯನ್ನೂ ಕೊಡಿ. ಉದ್ದ ಹೆಸರಾದರೆ ಯಾವ ಭಾಗ ಹಿಡಿದು ಕರೆಯಬೇಕು ಅಂತ ಪ್ರೊಫೆಸರರೇ ಕೇಳಬಹುದು, ಆಗ ಒಂದು ಭಾಗ ಮಾತ್ರ ತಿಳಿಸಿದರೆ ಸಾಕು.